ಬೀಗ ಹಾಕಿದ ಮನೆಗಳು ಮತ್ತು ಬೀದಿಯ ಕಾವಲು: ನಮ್ಮ ಬಡಾವಣೆಗೆ ಎಂಥ ವ್ಯವಸ್ಥೆ ಬೇಕು?

ಬಡಾವಣೆ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ನಮ್ಮ ಬಡಾವಣೆಯ ಒಂದೇ ಅಡ್ಡರಸ್ತೆಯ ಎರಡು ಮನೆಗಳಲ್ಲಿ ಕಳ್ಳತನವಾಗಿದೆ. ಎರಡೂ ಮನೆಯವರು ಊರಿಗೆ ಹೋಗಿದ್ದರು. ಕಳ್ಳರು ಮುಂಬಾಗಿಲಿನ ಬೀಗವನ್ನು ಮುಟ್ಟದೆ, ಹಿತ್ತಲ ಬಾಗಿಲಿನ ಚಿಲಕವನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಒಳಗೆ ಹೋಗಿದ್ದಾರೆ. ಮೊದಲ ಮನೆಯ ಗೇಟಿನೊಳಗೆ ಮೂರು ದಿನದ ಪತ್ರಿಕೆಗಳು ಮಳೆಯಲ್ಲಿ ನೆನೆದು ಬಿದ್ದಿದ್ದವು, ಪೋರ್ಟಿಕೊದ ದೀಪ ಹಗಲಿನಲ್ಲೂ ಉರಿಯುತ್ತಿತ್ತು. ಇದನ್ನು ನಾವೆಲ್ಲರೂ ವಾಕಿಂಗ್‌ಗೆ ಹೋಗುವಾಗ ನೋಡಿದ್ದೇವೆ, ಆದರೆ ಯಾರೂ ಆ ಮನೆಯವರಿಗೆ ಫೋನ್ ಮಾಡಲಿಲ್ಲ.

ಘಟನೆಯ ನಂತರ ಕ್ಷೇಮಾಭಿವೃದ್ಧಿ ಸಂಘದ ಸಭೆ ಸೇರಿತು. ಯುವಕರು ತಂಡಗಳಾಗಿ ಲಾಠಿ ಹಿಡಿದು ರಾತ್ರಿ ಗಸ್ತು ತಿರುಗಬೇಕು, ಅಪರಿಚಿತರು ಕಂಡರೆ ತಡೆದು ಗುರುತಿನ ಚೀಟಿ ಕೇಳಬೇಕು, ಅನುಮಾನ ಬಂದವರ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಕು ಮತ್ತು ಗುಜರಿ ಆಯುವವರು, ಹಳೆ ಪಾತ್ರೆಯವರು, ಬಟ್ಟೆ ವ್ಯಾಪಾರಿಗಳು ಬಡಾವಣೆಯೊಳಗೆ ಬರುವುದನ್ನು ಸಂಪೂರ್ಣ ನಿಲ್ಲಿಸಬೇಕು ಎಂಬ ಸಲಹೆಗಳು ಬಂದವು. ಭಯಗೊಂಡಿರುವ ಜನರ ಮಾತು ನನಗೆ ಅರ್ಥವಾಗುತ್ತದೆ. ಆದರೂ ಇದೇ ಸರಿಯಾದ ದಾರಿಯೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಿಮ್ಮ ಊರುಗಳಲ್ಲಿ ನೆರೆಹೊರೆಯವರೇ ಸೇರಿ ಕಟ್ಟಿಕೊಂಡ ಕಾವಲು ವ್ಯವಸ್ಥೆಗಳಲ್ಲಿ ಯಾವುದು ಉಪಯೋಗಕ್ಕೆ ಬಂದಿದೆ, ಯಾವುದು ತೊಂದರೆ ತಂದಿದೆ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ನಿವೃತ್ತ ಪೊಲೀಸ್, ತುಮಕೂರು

ಸರ್, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಮೊದಲ ಪರಿಚ್ಛೇದದಲ್ಲೇ ಇದೆ. ನಾನು ಸೇವೆಯಲ್ಲಿದ್ದಾಗ ಕನ್ನಗಳವಿನ ಸ್ಥಳ ಮಹಜರಿಗೆ ಹೋದಲ್ಲೆಲ್ಲಾ ಕಂಡದ್ದು ಇದನ್ನೇ. ಕಳ್ಳ ರಾತ್ರಿ ಬರುತ್ತಾನೆ, ಆದರೆ ಮನೆಯನ್ನು ಆರಿಸಿಕೊಳ್ಳುವುದು ಹಗಲಿನಲ್ಲಿ. ಗೇಟಿಗೆ ಹೊರಗಡೆಯಿಂದ ಹಾಕಿದ ಬೀಗ, ಬಾಗಿಲ ಮುಂದೆ ಸಾರಿಸದೆ ಉಳಿದ ನೆಲ ಮತ್ತು ಹಾಕದ ರಂಗೋಲಿ, ಚೀಲದಲ್ಲೇ ಉಳಿದ ಹಾಲಿನ ಪ್ಯಾಕೆಟ್, ಒಣಗಿದ ತುಳಸಿ, ಇವನ್ನೆಲ್ಲ ಅವನು ಓದುತ್ತಾನೆ. ಬೀಗದ ಕೈಯನ್ನು ಚಪ್ಪಲಿ ಸ್ಟ್ಯಾಂಡಿನಲ್ಲೋ ಹೂವಿನ ಕುಂಡದ ಕೆಳಗೋ ಮೀಟರ್ ಪೆಟ್ಟಿಗೆಯ ಮೇಲೋ ಇಟ್ಟು ಹೋಗುವ ಅಭ್ಯಾಸ ಅವನಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ನೆರೆಹೊರೆಯ ಕಾವಲಿನ ಬಹುಪಾಲು ಕೆಲಸ ರಾತ್ರಿ ಲಾಠಿ ಹಿಡಿದು ಮಾಡುವಂಥದ್ದಲ್ಲ. ಪಕ್ಕದ ಮನೆಯವರು ಊರಿಗೆ ಹೋದಾಗ ಪತ್ರಿಕೆ ಎತ್ತಿಡುವುದು, ಸಂಜೆ ದೀಪ ಹಾಕಿ ಬೆಳಿಗ್ಗೆ ಆರಿಸುವುದು, ಬಾಗಿಲ ಮುಂದೆ ನೀರು ಚಿಮುಕಿಸಿ ಒಂದು ಎಳೆ ರಂಗೋಲಿ ಬಿಡಿಸುವುದು, ಇಷ್ಟನ್ನು ಮಾಡುವ ಒಬ್ಬರು ಇದ್ದರೆ ಆ ಮನೆ ಬೀಗ ಹಾಕಿದ ಮನೆಯಂತೆ ಕಾಣುವುದೇ ಇಲ್ಲ.

ಎರಡನೆಯ ವಿಷಯ ಬೀಟ್, ಅಂದರೆ ಪೊಲೀಸರ ಗಸ್ತಿನ ಪ್ರದೇಶ. ರಾಜ್ಯದಲ್ಲಿ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದ ಮೇಲೆ ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಸಿಬ್ಬಂದಿಯನ್ನು ಹೊಣೆ ಮಾಡಲಾಗಿದೆ, ಆಯಾ ಬೀಟ್‌ನ ನಾಗರಿಕರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಾಗಿದೆ. ಹಿಂದೆ ಗಸ್ತಿನ ಪೇದೆ ಮೂಲೆಮನೆಯ ಗೋಡೆಗೆ ತೂಗುಹಾಕಿದ ಪುಸ್ತಕಕ್ಕೆ ಸಹಿ ಮಾಡಿ ಹೋಗುತ್ತಿದ್ದ, ಈಗ ಅನೇಕ ಕಡೆ ಆ ಸಹಿಯ ಜಾಗಕ್ಕೆ ಗಸ್ತನ್ನು ಎಲೆಕ್ಟ್ರಾನಿಕ್ ಆಗಿ ದಾಖಲಿಸುವ ಇ-ಬೀಟ್ ಬಂದಿದೆ. 2025ರ ಜುಲೈನಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದಲ್ಲಂತೂ ಬೀಟ್ ಸಿಬ್ಬಂದಿಯೇ ಮನೆಬಾಗಿಲಿಗೆ ಬಂದು ಕುಟುಂಬದವರೊಡನೆ ಮಾತನಾಡಬೇಕು ಎಂದಿದೆ. ನಿಮ್ಮ ಸಂಘದ ಪದಾಧಿಕಾರಿಗಳಲ್ಲಿ ಎಷ್ಟು ಜನರಿಗೆ ತಮ್ಮ ಬೀಟ್ ಪೊಲೀಸರ ಹೆಸರು ಮತ್ತು ಮೊಬೈಲ್ ಸಂಖ್ಯೆ ಗೊತ್ತಿದೆ ಎಂದು ಮೊದಲು ಕೇಳಿ ನೋಡಿ. ಊರಿಗೆ ಹೋಗುವ ಮುನ್ನ ಠಾಣೆಗೆ ಒಂದು ಸಾಲು ಬರೆದುಕೊಟ್ಟರೆ ರಾತ್ರಿ ಗಸ್ತಿನವರು ಆ ಮನೆಯ ಮುಂದೆ ಬೈಕ್ ನಿಲ್ಲಿಸಿ ಟಾರ್ಚ್ ಹಾಯಿಸಿ ಹೋಗಬಹುದು.

ಕ್ಯಾಮೆರಾ ಬಗ್ಗೆಯೂ ಹೇಳಬೇಕು. ಸಿಸಿಟಿವಿ ಹಾಕಿಸಿದವರಲ್ಲಿ ಅನೇಕರು ಘಟನೆ ನಡೆದ ದಿನವೇ ಅದನ್ನು ಮೊದಲ ಬಾರಿಗೆ ತೆರೆದು ನೋಡುತ್ತಾರೆ. ಗಡಿಯಾರ ತಪ್ಪಿರುತ್ತದೆ, ಮಸೂರದ ಮೇಲೆ ಜೇಡ ಬಲೆ ಕಟ್ಟಿರುತ್ತದೆ, ಬೀದಿಯತ್ತ ತಿರುಗಿಸಿದ ಕ್ಯಾಮೆರಾದಲ್ಲಿ ರಾತ್ರಿ ವಾಹನದ ಹೆಡ್‌ಲೈಟ್ ಬೆಳಕಿಗೆ ನಂಬರ್ ಪ್ಲೇಟ್ ಬೆಳ್ಳಗೆ ಕಂಡು ಅಕ್ಷರಗಳು ಮಾಯವಾಗಿರುತ್ತವೆ. ದೃಶ್ಯಗಳನ್ನು ದಾಖಲಿಸಿಡುವ ಡಿವಿಆರ್ ಪೆಟ್ಟಿಗೆಯನ್ನು ಹಾಲ್‌ನಲ್ಲಿ ಟಿವಿ ಪಕ್ಕದಲ್ಲಿಟ್ಟರೆ ಕಳ್ಳ ಅದನ್ನೂ ಹೊತ್ತುಕೊಂಡು ಹೋಗುತ್ತಾನೆ. ಮುಖದ ಎತ್ತರಕ್ಕೆ ಹತ್ತಿರವಾಗಿ ಒಂದು ಕ್ಯಾಮೆರಾ, ಹಿತ್ತಲಿಗೆ ಒಂದು, ಬೀಗವಿರುವ ಕಪಾಟಿನಲ್ಲಿ ಡಿವಿಆರ್, ತಿಂಗಳಿಗೊಮ್ಮೆ ದೃಶ್ಯ ತೆರೆದು ಪರೀಕ್ಷೆ. ಇಷ್ಟು ಮಾಡಿದ ಮೇಲೆ ಬೇಕಾದರೆ ಇನ್ನಷ್ಟು ಕ್ಯಾಮೆರಾಗಳ ಮಾತು.

ವಕೀಲೆ, ಧಾರವಾಡ

ಸಭೆಯಲ್ಲಿ ಬಂದ ಎರಡು ಸಲಹೆಗಳ ಬಗ್ಗೆ ಕಾನೂನಿನ ದೃಷ್ಟಿಯಿಂದ ಎಚ್ಚರಿಸಲೇಬೇಕಾಗಿದೆ. ದಾರಿಯಲ್ಲಿ ಹೋಗುವವರನ್ನು ತಡೆದು ಗುರುತಿನ ಚೀಟಿ ಕೇಳುವ ಅಧಿಕಾರ ಯಾವ ನಿವಾಸಿಗಳ ಸಂಘಕ್ಕೂ ಇಲ್ಲ. ಸಾಮಾನ್ಯ ನಾಗರಿಕ ಮತ್ತೊಬ್ಬನನ್ನು ಹಿಡಿಯಬಹುದಾದ ಸಂದರ್ಭವನ್ನು, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಹೇಳುತ್ತದೆ: ಘೋಷಿತ ಅಪರಾಧಿಯನ್ನು ಬಿಟ್ಟರೆ, ತನ್ನ ಕಣ್ಣೆದುರಿನಲ್ಲೇ ಜಾಮೀನುರಹಿತವೂ ಸಂಜ್ಞೇಯವೂ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಆದ ಅಪರಾಧ ಮಾಡಿದವನನ್ನು ಮಾತ್ರ ಹಿಡಿಯಬಹುದು, ಹಿಡಿದ ಮೇಲೆ ಅನಗತ್ಯ ತಡವಿಲ್ಲದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನ ಬಂತೆಂದು ಹಿಡಿಯುವುದು, ಕಂಬಕ್ಕೆ ಕಟ್ಟುವುದು, ಎರಡೇಟು ಹಾಕುವುದು ಇವೆಲ್ಲ ಹಿಡಿದವರ ಮೇಲೆಯೇ ಪ್ರಕರಣ ದಾಖಲಾಗಲು ಕಾರಣವಾಗುತ್ತವೆ. ನಿಮ್ಮ ಯುವಕರಿಗೆ ಲಾಠಿ ಕೊಡುವ ಮುನ್ನ ಅವರ ತಂದೆತಾಯಿಯರಿಗೆ ಇದನ್ನು ತಿಳಿಸಿ.

ಇನ್ನು ಫೋಟೊ ಹಂಚುವ ವಿಚಾರ. 2018ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪು ಹೊಡೆದು ಕೊಂದಿತು. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಸ್ನೇಹಿತರ ಗುಂಪಿನ ಬಗ್ಗೆ ವಾಟ್ಸ್ಆ್ಯಪ್ ಸಂದೇಶ ಹರಡಿತು. ಅವರ ಕಾರಿಗಿಂತ ಮುಂಚೆ ಸಂದೇಶ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ರಸ್ತೆ ಅಡ್ಡಗಟ್ಟಲಾಯಿತು, ಕಾರು ಉರುಳಿತು, ಹೈದರಾಬಾದಿನ ತಂತ್ರಜ್ಞರೊಬ್ಬರು ಜೀವ ಕಳೆದುಕೊಂಡರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಇದಾದ ನಾಲ್ಕೇ ದಿನಕ್ಕೆ ಸುಪ್ರೀಂ ಕೋರ್ಟ್ ಗುಂಪು ಹತ್ಯೆಯನ್ನು ತಡೆಯಲು ಪ್ರತಿ ಜಿಲ್ಲೆಗೂ ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂದು ಆದೇಶಿಸಿತು. ಆ ಸಂದೇಶಗಳನ್ನು ಮುಂದಕ್ಕೆ ಕಳಿಸಿದವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳ ಬಗ್ಗೆ ಕಾಳಜಿಯಿಂದಲೇ ಕಳಿಸಿರಬೇಕು ಎಂದು ನಾನು ನಂಬುತ್ತೇನೆ, ಅದಕ್ಕಾಗಿಯೇ ಈ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ.

ಸಣ್ಣ ವ್ಯಾಪಾರಿ, ಬೆಂಗಳೂರು

ಎಲ್ಲವೂ ಸರಿ, ಆದರೆ ಪೊಲೀಸರಿಗೆ ತಿಳಿಸಿ ಎಂದು ಹೇಳುವುದು ಸುಲಭ. ನನ್ನ ಅಂಗಡಿಯ ಶಟರ್ ಮೀಟಿ ಗಲ್ಲಾಪೆಟ್ಟಿಗೆ ಒಡೆದಾಗ ದೂರು ಕೊಡಲು ಹೋದರೆ, ಘಟನಾ ಸ್ಥಳ ತಮ್ಮ ವ್ಯಾಪ್ತಿಯದಲ್ಲ ಎಂದು ಒಂದು ಠಾಣೆಯವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಯವರು ನಾಳೆ ಬನ್ನಿ ಎಂದರು. ಹೀಗಾದಾಗ ಜನ ತಾವೇ ಕೋಲು ಹಿಡಿಯುವುದರಲ್ಲಿ ಆಶ್ಚರ್ಯವೇನಿದೆ? ಜನರ ಸಹನೆಯ ಬಗ್ಗೆ ಉಪದೇಶ ಮಾಡುವವರು ವ್ಯವಸ್ಥೆಯ ಹೊಣೆಯ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತನಾಡಬೇಕು.

ನಿವೃತ್ತ ಪೊಲೀಸ್, ತುಮಕೂರು

ನಿಮ್ಮ ಸಿಟ್ಟು ನ್ಯಾಯವಾದದ್ದು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ವ್ಯಾಪ್ತಿಯ ನೆಪ ಹೇಳಿ ದೂರುದಾರರನ್ನು ವಾಪಸ್ ಕಳಿಸುವಂತಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿಯನ್ನು ಅದು ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು ಹೊಸ ಸಂಹಿತೆಯ 173ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ಇದನ್ನೇ ಜೀರೋ ಎಫ್ಐಆರ್ ಎನ್ನುವುದು. ಆನ್‌ಲೈನ್ ಮೂಲಕ ಮಾಹಿತಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಠಾಣೆಯಲ್ಲಿ ದಾಖಲಿಸಿಕೊಳ್ಳಲು ನಿರಾಕರಿಸಿದರೆ ಅದೇ ಮಾಹಿತಿಯನ್ನು ಬರಹದಲ್ಲಿ ಅಂಚೆ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಎಫ್ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಒಬ್ಬರೇ ಹೋದಾಗ ಸಿಗದ ಕಿವಿ, ಸಂಘದ ಅಧ್ಯಕ್ಷರು ಕಾರ್ಯದರ್ಶಿಗಳು ಜತೆಯಲ್ಲಿ ಹೋದಾಗ ಸಿಗುತ್ತದೆ ಎನ್ನುವುದು ನಮ್ಮ ಇಲಾಖೆಗೆ ಗೌರವ ತರುವ ಮಾತಲ್ಲ, ಆದರೂ ನಿಜ. ನೆರೆಹೊರೆಯ ಸಂಘಟನೆಗೆ ಇದೂ ಒಂದು ಮುಖ್ಯ ಕೆಲಸ ಎಂದು ನನ್ನ ಅಭಿಪ್ರಾಯ.

ಶಾಲಾ ಶಿಕ್ಷಕ, ಹುಬ್ಬಳ್ಳಿ

ಗುಜರಿ ಆಯುವವರನ್ನು, ಹಳೆ ಪಾತ್ರೆಯವರನ್ನು ಒಳಗೆ ಬಿಡಬಾರದು ಎಂಬ ಮಾತು ಓದಿ ನಾನು ಬರೆಯಲೇಬೇಕೆನಿಸಿತು. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದರು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥ ಕುಟುಂಬಗಳನ್ನು ಕೂಡಿಹಾಕಲು ಸೆಟ್ಲ್‌ಮೆಂಟ್‌ಗಳಾದವು. ಹೊರಗೆ ಹೋಗಲು ಅನುಮತಿ ಚೀಟಿ ಬೇಕಿತ್ತು, ಹೊತ್ತುಹೊತ್ತಿಗೆ ಹಾಜರಿ ಕೊಡಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು, ಈ ಸಮುದಾಯಗಳನ್ನು ವಿಮುಕ್ತ ಎಂದು ಕರೆಯಲಾಯಿತು. ಹುಬ್ಬಳ್ಳಿಯಲ್ಲಿ ಆ ಪ್ರದೇಶವನ್ನು ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ.

ನನ್ನ ತರಗತಿಯಲ್ಲಿ ಅಲ್ಲಿಂದ ಬರುವ ಮಕ್ಕಳಿದ್ದಾರೆ. ಸುತ್ತಲಿನ ಬಡಾವಣೆಯಲ್ಲಿ ಸೈಕಲ್ ಕಳೆದರೂ ಮೊದಲು ಯಾರ ಮನೆಯ ಬಾಗಿಲು ತಟ್ಟುತ್ತಾರೆ ಎಂಬುದು ಆ ಮಕ್ಕಳಿಗೆ ಬಾಯಿಪಾಠವಾಗಿದೆ. ಒಬ್ಬ ಹುಡುಗಿ ಶಾಲೆಯ ಅರ್ಜಿಯಲ್ಲಿ ವಿಳಾಸ ಬರೆಯುವಾಗ ಓಣಿಯ ಹೆಸರು ಬಿಟ್ಟು ಬರೀ ಹುಬ್ಬಳ್ಳಿ ಎಂದಷ್ಟೇ ಬರೆದಿದ್ದಳು. ಯಾಕಮ್ಮಾ ಎಂದು ಕೇಳಿದರೆ ತಲೆ ತಗ್ಗಿಸಿ ನಿಂತಳು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿನ ಜಾತಿ ತಾರತಮ್ಯವನ್ನು ತೆಗೆದುಹಾಕುವ ತೀರ್ಪಿನಲ್ಲಿ, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೂ ಹೇಳಿದೆ. ಪೊಲೀಸರಿಗೆ ನಿಷಿದ್ಧವಾದದ್ದನ್ನು ಬಡಾವಣೆಯ ಸಂಘ ಮಾಡಲು ಹೊರಟರೆ ಅದು ಯಾವ ನ್ಯಾಯ? ನಿಮ್ಮ ಬೀದಿಯಲ್ಲಿ ಬೆಳಗಿನ ಜಾವ ಐದು ಗಂಟೆಗೆ ಓಡಾಡುವವರು ಪೌರಕಾರ್ಮಿಕರು, ಹಾಲಿನವರು, ಹೂವಿನವರು, ಗುಜರಿ ಆಯುವವರು. ಹಿತ್ತಲ ಬಾಗಿಲು ತೆರೆದಿರುವುದನ್ನು ಮೊದಲು ಕಾಣುವ ಕಣ್ಣು ಇವರದ್ದೇ. ಅವರನ್ನು ಹೊರಗಿಟ್ಟರೆ ನಿಮ್ಮ ಬಡಾವಣೆ ತನ್ನ ಅತ್ಯುತ್ತಮ ಕಾವಲುಗಾರರನ್ನು ತಾನೇ ಕಳೆದುಕೊಳ್ಳುತ್ತದೆ.

ಮ್ಯಾಂಚೆಸ್ಟರ್ ಬಳಿಯ ಕನ್ನಡಿಗ

ಮೇಷ್ಟ್ರ ಮಾತಿಗೆ ಪೂರಕವಾಗಿ ಇಲ್ಲಿಯ ಅನುಭವವನ್ನು ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ ಮೊದಲ ನೆರೆಹೊರೆ ಕಾವಲು ಯೋಜನೆ 1982ರಲ್ಲಿ ಚೆಷೈರ್‌ನ ಮಾಲಿಂಗ್ಟನ್ ಎಂಬ ಹಳ್ಳಿಯಲ್ಲಿ ಶುರುವಾಯಿತು. ಅಮೆರಿಕದಲ್ಲಿ ಷೆರಿಫ್‌ಗಳ ರಾಷ್ಟ್ರೀಯ ಸಂಘ ಹತ್ತು ವರ್ಷ ಮೊದಲೇ, 1972ರಲ್ಲಿ ಇಂಥದ್ದನ್ನು ಆರಂಭಿಸಿತ್ತು. ಇಂಥ ಯೋಜನೆಗಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು, ಅಪರಾಧಗಳು 16ರಿಂದ 26 ಪ್ರತಿಶತದಷ್ಟು ಕಡಿಮೆಯಾದದ್ದನ್ನು ಗುರುತಿಸಿತು. ಆದರೆ ಎಲ್ಲ ಕಡೆಯೂ ಫಲ ಕೊಟ್ಟಿರಲಿಲ್ಲ, ಕೆಲವೆಡೆ ಏನೂ ಬದಲಾಗಿರಲಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು ಇಲ್ಲಿಗೆ ಹತ್ತಿರದ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಬಡಾವಣೆಯ ಕಥೆ. 1980ರ ದಶಕದ ಮಧ್ಯದಲ್ಲಿ ಅಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಮನೆಗಳಿಗೊಂದರಂತೆ ಕಳ್ಳತನವಾಗುತ್ತಿತ್ತು. ಸಂಶೋಧಕರು ಕಳ್ಳತನಕ್ಕೊಳಗಾದ ಮನೆಯವರನ್ನೂ ಅವರ ನೆರೆಯವರನ್ನೂ ಸ್ವತಃ ಕಳ್ಳರನ್ನೂ ಮಾತನಾಡಿಸಿದರು. ಒಮ್ಮೆ ಕಳುವಾದ ಮನೆಗೆ ಮತ್ತೆ ಕಳ್ಳ ಬರುವ ಸಾಧ್ಯತೆ ಬೇರೆ ಮನೆಗಳಿಗಿಂತ ಹಲವು ಪಟ್ಟು ಹೆಚ್ಚು ಮತ್ತು ಆ ಎರಡನೆಯ ಭೇಟಿ ಬಹುಬೇಗ ಆಗುತ್ತದೆ ಎಂದು ತಿಳಿಯಿತು. ಹಾಗಾಗಿ ಅವರು ಇಡೀ ಬಡಾವಣೆಗೆ ಕಾವಲು ಹಾಕಲಿಲ್ಲ. ಕಳ್ಳತನವಾದ ಪ್ರತಿ ಮನೆಯ ಸುತ್ತ ಆರೇಳು ಮನೆಯವರು ಆ ಒಂದು ಮನೆಯ ಮೇಲೆ ಕಣ್ಣಿಡುವಂತೆ ಏರ್ಪಾಡು ಮಾಡಿದರು, ಬಾಗಿಲು ಕಿಟಕಿಗಳನ್ನು ಭದ್ರಪಡಿಸಿದರು. ನಾಣ್ಯ ಹಾಕಿ ಗ್ಯಾಸ್, ವಿದ್ಯುತ್ ಪಡೆಯುವ ಮೀಟರ್‌ಗಳು ಮನೆಗಳಲ್ಲಿದ್ದವು, ಕಳ್ಳರಿಗೆ ಅವೇ ಹುಂಡಿಗಳಾಗಿದ್ದವು. ಅವನ್ನೂ ತೆಗೆಸಿದರು. ಮೂರು ವರ್ಷಗಳಲ್ಲಿ ಮನೆಗಳ್ಳತನ ಮುಕ್ಕಾಲು ಪಾಲು ಇಳಿಯಿತು. ಆದ್ದರಿಂದ ಮೈಸೂರಿನ ಸರ್ ಅವರಿಗೆ ನನ್ನ ವಿನಂತಿ: ಈಗ ಕಳ್ಳತನವಾಗಿರುವ ಆ ಎರಡು ಮನೆಗಳಿಂದಲೇ ಆರಂಭಿಸಿ. ಹೊಸ ಟಿವಿ, ಹೊಸ ಒಡವೆ ಮನೆಗೆ ಬರುವ ಹೊತ್ತಿಗೆ ಕಳ್ಳನಿಗೆ ಆ ಹಿತ್ತಲಿನ ದಾರಿ ಇನ್ನೂ ನೆನಪಿನಲ್ಲಿರುತ್ತದೆ.

ಲಾಠಿಯ ವಿಷಯಕ್ಕೂ ಇಲ್ಲೊಂದು ಮಾತು. 2012ರ ಫೆಬ್ರವರಿ 26ರಂದು ಅಮೆರಿಕದ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ನೆರೆಹೊರೆ ಕಾವಲಿನ ಸ್ವಯಂಸೇವಕನೊಬ್ಬ, ಅಂಗಡಿಯಿಂದ ತಿಂಡಿ ಕೊಂಡು ಹಿಂದಿರುಗುತ್ತಿದ್ದ 17 ವರ್ಷದ ನಿಶ್ಶಸ್ತ್ರ ಕಪ್ಪು ಹುಡುಗನನ್ನು ಅನುಮಾನಿಸಿ ಹಿಂಬಾಲಿಸಿದ. ಹಿಂಬಾಲಿಸುವ ಅಗತ್ಯವಿಲ್ಲ ಎಂದು ಪೊಲೀಸರ ಕರೆ ಸ್ವೀಕರಿಸಿದವರು ಫೋನಿನಲ್ಲೇ ಹೇಳಿದ್ದರು. ಕೊನೆಗೆ ಹುಡುಗ ಗುಂಡಿಗೆ ಬಲಿಯಾದ. ಹುಡುಗನ ಕುಟುಂಬದ ದುಃಖವನ್ನು ನ್ಯಾಯಾಲಯದ ಯಾವ ತೀರ್ಪೂ ಅಳಿಸಲಾರದು. ನೋಡಿ, ತಿಳಿಸಿ, ಬೆನ್ನು ಹತ್ತಬೇಡಿ ಎಂಬುದನ್ನು ನಿಮ್ಮ ಸಂಘ ಮೊದಲ ನಿಯಮವಾಗಿ ಬರೆದಿಡಲಿ.

ಗಡಿನಾಡ ಕನ್ನಡಿಗ, ಕಾಸರಗೋಡು

ನಮ್ಮ ಕೇರಳದಲ್ಲಿ 2008ರ ಮಾರ್ಚ್‌ನಲ್ಲಿ 20 ಠಾಣೆಗಳಲ್ಲಿ ‘ಜನಮೈತ್ರಿ ಸುರಕ್ಷಾ’ ಯೋಜನೆ ಆರಂಭವಾಯಿತು, ಮುಂದೆ ರಾಜ್ಯಕ್ಕೆಲ್ಲ ಹರಡಿತು. ಬೀಟ್ ಅಧಿಕಾರಿ ತನ್ನ ವ್ಯಾಪ್ತಿಯ ಮನೆಗಳವರನ್ನು ಹೆಸರು ಹಿಡಿದು ಕರೆಯುವಷ್ಟು ಪರಿಚಯ ಮಾಡಿಕೊಳ್ಳಬೇಕು, ಠಾಣೆಯಲ್ಲಿ ಸಾರ್ವಜನಿಕರ ಸಮಿತಿ ಸೇರಬೇಕು. ಸಮಿತಿಯ ಸದಸ್ಯರಿಗೆ ಪೊಲೀಸ್ ಅಧಿಕಾರವೇನೂ ಇಲ್ಲ. ಇದರ ಬೆಲೆ ತಿಳಿಯಬೇಕಾದರೆ ತಮಿಳುನಾಡನ್ನು ನೋಡಬೇಕು. ಅಲ್ಲಿ 1993ರಲ್ಲಿ ರಾಮನಾಥಪುರದಲ್ಲಿ ಒಳ್ಳೆಯ ಉದ್ದೇಶದಿಂದಲೇ ‘ಫ್ರೆಂಡ್ಸ್ ಆಫ್ ಪೊಲೀಸ್’ ಆರಂಭವಾಗಿತ್ತು. 2020ರಲ್ಲಿ ಸಾತಾನ್‌ಕುಳಂ ಠಾಣೆಯ ಪೊಲೀಸರ ವಶದಲ್ಲಿ ತಂದೆ ಮಗ ಸತ್ತ ಪ್ರಕರಣದಲ್ಲಿ ಈ ಹೆಸರಿನ ಸ್ವಯಂಸೇವಕರ ಮೇಲೂ ಆರೋಪ ಕೇಳಿಬಂದು ಸರ್ಕಾರ ಆ ವ್ಯವಸ್ಥೆಯನ್ನೇ ನಿಷೇಧಿಸಿತು. ಸ್ವಯಂಸೇವಕ ಠಾಣೆಯ ಕಣ್ಣಾಗಿರಬೇಕು, ಕೈಯಾಗಬಾರದು ಎಂಬ ಗೆರೆಯನ್ನು ಅಳಿಸಲು ಬಿಡಬೇಡಿ.

ಗೃಹಿಣಿ, ಬೆಂಗಳೂರು

ಇಲ್ಲಿ ಯಾರೂ ಒಂಟಿಯಾಗಿರುವ ಹಿರಿಯರ ಬಗ್ಗೆ ಹೇಳಿಲ್ಲ. ನಮ್ಮ ಎದುರು ಮನೆಯ ಅಜ್ಜಿಯ ಮಕ್ಕಳೆಲ್ಲ ಹೊರದೇಶದಲ್ಲಿದ್ದಾರೆ. ಬೆಳಿಗ್ಗೆ ಎಂಟರೊಳಗೆ ಅವರ ಅಡುಗೆಮನೆಯ ಕಿಟಕಿ ತೆರೆಯದಿದ್ದರೆ ನಾನೋ ಪಕ್ಕದ ಮನೆಯ ಸಹೋದರಿಯೋ ಹೋಗಿ ಬಾಗಿಲು ತಟ್ಟುತ್ತೇವೆ. ಬೆಂಗಳೂರಿನಲ್ಲಿ ಹಿರಿಯ ನಾಗರಿಕರಿಗಾಗಿ 1090 ಸಹಾಯವಾಣಿ 2002ರಿಂದಲೂ ಇದೆ. ಹಾಗೆಯೇ ಇಂದಿನ ಕಳ್ಳ ಕಾಂಪೌಂಡ್ ಹಾರಲೇಬೇಕೆಂದಿಲ್ಲ. ಅಜ್ಜಿಗೆ ಒಮ್ಮೆ ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವಿಡಿಯೊ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಫೋನ್ ಇಟ್ಟರೆ ಬಂಧಿಸುತ್ತೇವೆ ಎಂದಿದ್ದ. ಅವರ ನಡುಗುವ ದನಿ ಕೇಳಿ ಕೆಲಸದಾಕೆಯೇ ಓಡಿಬಂದು ನನ್ನನ್ನು ಕರೆದಳು. ಹೀಗೆ ಫೋನಿನಲ್ಲೇ ಬಂಧಿಸುವ ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ, ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಪ್ರತಿ ಹಿರಿಯರ ಫೋನಿನ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಬಡಾವಣೆ ನಿವಾಸಿ, ಮೈಸೂರು

ತಾಳ್ಮೆಯಿಂದ ಬರೆದ ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ಈ ಅಭಿಪ್ರಾಯಗಳನ್ನು ಮುದ್ರಿಸಿ ಸಂಘದ ಎರಡನೆಯ ಸಭೆಯಲ್ಲಿ ಓದಿದೆವು, ಬೀಟ್ ಪೊಲೀಸರನ್ನೂ ಕರೆದಿದ್ದೆವು. ಚರ್ಚೆ ಕಾವೇರಿದರೂ ಲಾಠಿ ಗಸ್ತಿನ ಪ್ರಸ್ತಾವವನ್ನು ಬಹುಮತದಿಂದ ಕೈಬಿಡಲಾಯಿತು. ಕಳ್ಳತನವಾದ ಎರಡೂ ಮನೆಗಳ ಹಿತ್ತಲ ಬಾಗಿಲಿಗೆ ಕಬ್ಬಿಣದ ಗ್ರಿಲ್ ಹಾಕಿಸಲು ಸಂಘದ ನಿಧಿಯಿಂದ ಸಹಾಯ ಮಾಡುತ್ತಿದ್ದೇವೆ. ಅವುಗಳ ಸುತ್ತಲಿನ ಮನೆಯವರು ತಮ್ಮತಮ್ಮಲ್ಲಿ ಹೊಣೆ ಹಂಚಿಕೊಂಡಿದ್ದಾರೆ. ಊರಿಗೆ ಹೋಗುವವರು ಬೀಗದ ಕೈಯನ್ನಲ್ಲದಿದ್ದರೂ ಪ್ರಯಾಣದ ದಿನಾಂಕಗಳನ್ನು ಪಕ್ಕದ ಮನೆಯವರಿಗೆ ಮತ್ತು ಬೀಟ್ ಪೊಲೀಸರಿಗೆ ಮಾತ್ರ ತಿಳಿಸಬೇಕು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬಾರದು ಎಂದು ತೀರ್ಮಾನವಾಗಿದೆ. ಯಾವ ವ್ಯಕ್ತಿಯ ಫೋಟೊವನ್ನೂ ಗುಂಪಿನಲ್ಲಿ ಹಂಚುವಂತಿಲ್ಲ, ತುರ್ತಾದರೆ 112ಕ್ಕೆ ಕರೆ ಮಾಡಬೇಕು.

ವ್ಯಾಪಾರಿಗಳ ಪ್ರವೇಶದ ಬಗ್ಗೆ ಇನ್ನೂ ಒಮ್ಮತ ಬಂದಿಲ್ಲ. ಕೆಲವರು ಪಟ್ಟು ಹಿಡಿದಿದ್ದಾರೆ. ಹುಬ್ಬಳ್ಳಿಯ ಮೇಷ್ಟ್ರ ಬರಹವನ್ನು ಓದಿದ ಮೇಲೆ ನಮ್ಮ ಬೀದಿಗೆ ಬಹುಕಾಲದಿಂದ ಬರುವ ಗುಜರಿ ಆಯುವ ತಾಯಿಯನ್ನು ಮುಂದಿನ ಸಭೆಗೆ ಕರೆಯಬೇಕೆಂದು ಇಬ್ಬರು ಸದಸ್ಯರೇ ಸೂಚಿಸಿದ್ದಾರೆ.

ನಿವೃತ್ತ ಪೊಲೀಸ್, ತುಮಕೂರು

ಅವರನ್ನು ತಪ್ಪದೆ ಕರೆಯಿರಿ, ಕುರ್ಚಿ ಹಾಕಿ ಕೂರಿಸಿ, ಬೀಟ್ ಪೊಲೀಸರ ಮೊಬೈಲ್ ಸಂಖ್ಯೆಯನ್ನು ಅವರಿಗೂ ಕೊಡಿ. ಇನ್ನೊಂದು ಮಾತು: ಕಳ್ಳತನವಾದ ಅಡ್ಡರಸ್ತೆಯ ಬೀದಿದೀಪಗಳು ಉರಿಯುತ್ತಿವೆಯೇ ಎಂದು ಇಂದು ರಾತ್ರಿಯೇ ನೋಡಿ, ಇಲ್ಲದಿದ್ದರೆ ಕಂಬದ ಸಂಖ್ಯೆ ಬರೆದುಕೊಂಡು ನಾಳೆ ಪಾಲಿಕೆಗೆ ದೂರು ಕೊಡಿ.